ಕಡಿಮೆ ಖರ್ಚಿನಲ್ಲಿ ಮನೆಗೆ ಹೊಸ ಕಳೆ: ನಿಮ್ಮ ಕೈಯಾರೆ ಮಾಡುವ ಕೆಲಸಗಳು

ಮನೆ ಯಾಕೋ ಮಂಕಾಗಿದೆ ಅನ್ನಿಸಿದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಏನಾದರೂ ಕೊಂಡು ತರುವುದು. ಒಂದು ಹೂದಾನಿ, ಒಂದು ಗೋಡೆ ಗಡಿಯಾರ, ನಾಲ್ಕು ಕುಶನ್. ಎರಡು ದಿನ ಚೆನ್ನಾಗಿ ಕಾಣುತ್ತದೆ, ಮೂರನೇ ದಿನಕ್ಕೆ ಅದೂ ಮನೆಯ ಉಳಿದ ಸಾಮಾನಿನ ಜೊತೆ ಸೇರಿಹೋಗುತ್ತದೆ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ನಿಧಾನಕ್ಕೆ ಅರ್ಥವಾಗಿದ್ದು ಇಷ್ಟು: ದುಡ್ಡು ಉಳಿಯುವುದು ತಯಾರಿಯಲ್ಲಿ. ಒರೆಸಿ, ಉಜ್ಜಿ, ಅಳತೆ ತೆಗೆದು, ಒಣಗಲು ಬಿಟ್ಟು ಮಾಡಿದ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ಅವಸರದಲ್ಲಿ ಮಾಡಿದ್ದನ್ನು ಮತ್ತೆ ಮಾಡಬೇಕಾಗುತ್ತದೆ, ಅಂದರೆ ಸಾಮಾನಿಗೆ ಎರಡೆರಡು ಸಲ ದುಡ್ಡು ಹಾಕಿದ ಹಾಗೆ.

ಇಲ್ಲಿ ಹೇಳಿರುವುದನ್ನೆಲ್ಲ ಒಂದೇ ಸಲ ಮಾಡಬೇಕಿಲ್ಲ. ಒಂದು ಕೋಣೆ ಹಿಡಿಯಿರಿ, ಅದನ್ನು ಮುಗಿಸಿ. ಅರ್ಧಂಬರ್ಧ ಬಿಟ್ಟ ಮೂರು ಕೋಣೆಗಿಂತ ಮುಗಿದ ಒಂದು ಮೂಲೆ ಮನಸ್ಸಿಗೆ ಎಷ್ಟೋ ಹಿತ.

ಮೊದಲು ಫೋಟೋ, ಆಮೇಲೆ ಖಾಲಿ ಮಾಡುವುದು

ಕೋಣೆಯ ನಾಲ್ಕೂ ಮೂಲೆಯಲ್ಲಿ ನಿಂತು ಫೋನಿನಲ್ಲಿ ಒಂದೊಂದು ಫೋಟೋ ತೆಗೆಯಿರಿ. ಬಾಗಿಲಲ್ಲಿ ನಿಂತು ಇನ್ನೊಂದು. ದಿನಾ ನೋಡುವ ಕಣ್ಣಿಗೆ ಟೀವಿ ಕೆಳಗೆ ಜೋತಾಡುವ ವೈರು, ಸೊಟ್ಟಗಿರುವ ಪರದೆ ರಾಡು, ಬೀರುವಿನ ತಲೆ ಮೇಲೆ ಪೇರಿಸಿದ ಡಬ್ಬಗಳು ಕಾಣುವುದೇ ಇಲ್ಲ. ಫೋಟೋದಲ್ಲಿ ಅವೇ ಮೊದಲು ಕಣ್ಣಿಗೆ ಹೊಡೆಯುತ್ತವೆ. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆ ಪಟ್ಟಿಯಲ್ಲಿ ಅರ್ಧದಷ್ಟಕ್ಕೆ ಒಂದು ಪೈಸೆಯೂ ಬೇಕಿರುವುದಿಲ್ಲ.

ಆಮೇಲೆ ಎತ್ತಲು ಸಾಧ್ಯವಿರುವ ಎಲ್ಲವನ್ನೂ ಕೋಣೆಯಿಂದ ಹೊರಗಿಡಿ. ಸೋಫಾ, ಮಂಚ, ಬೀರು ಬಿಟ್ಟು ಬೇರೇನೂ ಇರಬಾರದು. ಒಂದು ರಾತ್ರಿ ಹಾಗೇ ಇರಲಿ. ಮರುದಿನ ಒಂದೊಂದಾಗಿ ಒಳಗೆ ತನ್ನಿ, ಪ್ರತಿಯೊಂದನ್ನೂ ಎಲ್ಲಿ ಇಡುತ್ತೀರಿ ಅಂತ ಯೋಚಿಸಿ. ಹೊರಗೇ ಉಳಿದುಹೋದ ಸಾಮಾನು ಕೋಣೆಗೆ ಬೇಕಿರಲಿಲ್ಲ ಅಂತ ಅರ್ಥ, ಅದನ್ನು ಯಾರಿಗಾದರೂ ಕೊಟ್ಟುಬಿಡಿ.

ದೊಡ್ಡ ಸಾಮಾನುಗಳ ಜಾಗವನ್ನೂ ಇದೇ ಹೊತ್ತಲ್ಲಿ ಬದಲಿಸಿ ನೋಡಬೇಕು. ನಡೆದಾಡುವ ದಾರಿ ಎರಡೂವರೆಯಿಂದ 3 ಅಡಿ ಇರಲಿ. ಸೋಫಾ ಮತ್ತು ಅದರ ಮುಂದಿನ ಮೇಜಿನ ನಡುವೆ 16ರಿಂದ 18 ಇಂಚು ಬಿಟ್ಟರೆ ಕಾಲಿಗೂ ತಾಗುವುದಿಲ್ಲ, ಲೋಟ ಇಡಲು ಬಗ್ಗಬೇಕಾಗಿಯೂ ಇಲ್ಲ. ಎಲ್ಲವನ್ನೂ ಗೋಡೆಗೆ ಅಂಟಿಸಿಡುವ ಅಭ್ಯಾಸ ಇದೆಯಲ್ಲ, ಅದನ್ನು ಒಮ್ಮೆ ಮುರಿದು ನೋಡಿ. ಸೋಫಾವನ್ನು 3-4 ಇಂಚು ಮುಂದೆ ಎಳೆದರೂ ಸಾಕು, ಕೋಣೆಗೆ ಉಸಿರು ಬಂದ ಹಾಗಾಗುತ್ತದೆ. ಭಾರದ ಸಾಮಾನು ಎಳೆಯುವಾಗ ಕಾಲಿನ ಕೆಳಗೆ ಹಳೆಯ ಕಂಬಳಿ ತುಂಡು ಹಾಕಿ, ನೆಲಕ್ಕೆ ಗೀರು ಬೀಳುವುದಿಲ್ಲ.

ಕನ್ನಡಿ ಇದ್ದರೆ ಅದನ್ನು ಕಿಟಕಿಯ ಎದುರು ಗೋಡೆಗೆ, ಇಲ್ಲವೇ ಕಿಟಕಿಯ ಪಕ್ಕದ ಗೋಡೆಗೆ ಹಾಕಿ. ಬರುವ ಬೆಳಕನ್ನು ಅದು ಒಳಗೆ ತಿರುಗಿಸುತ್ತದೆ. ಹಾಕುವ ಮುಂಚೆ ಅದರಲ್ಲಿ ಏನು ಕಾಣುತ್ತದೆ ಅಂತ ನೋಡಿ. ಬಟ್ಟೆ ರಾಶಿ ಕಾಣುವ ಜಾಗದಲ್ಲಿ ಹಾಕಿದರೆ ರಾಶಿ ಎರಡಾಗುತ್ತದೆ.

ಗೋಡೆಗೆ ತೇವ ಇದೆಯಾ? ಬಣ್ಣ ತರುವ ಮುಂಚೆ ನೋಡಿ

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಇದರಿಂದ ತುಂಬಾ ನೋವಾಗಿದೆ. ಒಮ್ಮೆ ಮಲಗುವ ಕೋಣೆಯ ಗೋಡೆಗೆ ತಿಳಿ ಹಸಿರು ಬಣ್ಣ ಹೊಡೆದೆ. ಎರಡು ದಿನದ ಕೆಲಸ. ತಿಂಗಳು ತುಂಬುವಷ್ಟರಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತು, ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿದು ಉದುರಿತು. ಒಳಗೆ ಬಿಳಿ ಪುಡಿ. ಗೋಡೆಯೊಳಗಿನ ತೇವ ಉಪ್ಪನ್ನು ಹೊರಗೆ ತಂದು ಬಣ್ಣವನ್ನು ತಳ್ಳಿಬಿಟ್ಟಿತ್ತು. ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಗೋಡೆಯನ್ನು ಪರೀಕ್ಷೆ ಮಾಡಿರಲಿಲ್ಲ ಅಷ್ಟೇ.

ಪರೀಕ್ಷೆ ಸುಲಭ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಇರುತ್ತದಲ್ಲ, ಅದರ ಒಂದಡಿ ಚೌಕದ ತುಂಡನ್ನು ಅನುಮಾನ ಇರುವ ಜಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಚ್ಚಿ. 24ರಿಂದ 48 ಗಂಟೆ ಬಿಡಿ. ತೆಗೆದಾಗ ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಇದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಗಿನ ಮೈಯಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ ಇದೆ, ಕಿಟಕಿ ತೆರೆದಿಡುವುದು, ಫ್ಯಾನ್ ಹಾಕುವುದು ಇವೇ ಮದ್ದು. ಮೊದಲನೆಯದಾದರೆ ಸೋರುವ ಪೈಪು, ಹೊರಗೋಡೆಯ ಬಿರುಕು ಇವನ್ನು ಸರಿಮಾಡಿಸಿ, ಗೋಡೆ ಪೂರ್ತಿ ಒಣಗುವ ತನಕ ಬಣ್ಣವೂ ಬೇಡ, ಅಂಟಿಸುವ ವಾಲ್‌ಪೇಪರೂ ಬೇಡ. ವಾಲ್‌ಪೇಪರ್ ಹಾಕಿ ತೇವ ಮುಚ್ಚಿದರೆ ಹಿಂದೆ ಕಪ್ಪಗೆ ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಎಚ್ಚರಿಕೆ. ಮನೆ ತುಂಬಾ ಹಳೆಯದಾಗಿದ್ದರೆ ಅದರ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಬಣ್ಣವನ್ನು ಒಣಗಿದಾಗ ಉಜ್ಜಿದರೆ ಧೂಳಿನ ಜೊತೆ ಸೀಸ ಉಸಿರಿಗೆ ಹೋಗುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಇದು ತುಂಬಾ ಅಪಾಯ. ಅನುಮಾನ ಇದ್ದರೆ ಉಜ್ಜಲು ಹೋಗಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ಒಂದೇ ಒಂದು ಗೋಡೆಗೆ ಬಣ್ಣ

ಇಡೀ ಮನೆಗೆ ಬಣ್ಣ ಹೊಡೆಯುವುದು ದೊಡ್ಡ ಕೆಲಸ. ಒಂದು ಗೋಡೆ ಹಾಗಲ್ಲ. ಬಾಗಿಲು ತೆರೆದ ಕೂಡಲೇ ಎದುರು ಕಾಣುವ ಗೋಡೆ, ಇಲ್ಲವೇ ಮಂಚದ ತಲೆ ಕಡೆಯ ಗೋಡೆ, ಇವೆರಡರಲ್ಲಿ ಒಂದನ್ನು ಆರಿಸಿ.

ಎಷ್ಟು ಬಣ್ಣ ಬೇಕು ಅಂತ ಲೆಕ್ಕ ಹಾಕೋಣ. ಗೋಡೆ 12 ಅಡಿ ಅಗಲ, 10 ಅಡಿ ಎತ್ತರ ಇದ್ದರೆ 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್. ನುಣುಪಾದ ಗೋಡೆಯ ಮೇಲೆ 1 ಲೀಟರ್ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಸಾಮಾನ್ಯವಾಗಿ 10ರಿಂದ 12 ಚದರ ಮೀಟರ್‌ಗೆ ಒಂದು ಕೋಟ್ ಬರುತ್ತದೆ. ಎರಡು ಕೋಟ್ ಬೇಕೇ ಬೇಕು. ಅಲ್ಲಿಗೆ 2 ಲೀಟರ್. ಗೋಡೆ ಒರಟಾಗಿದ್ದರೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಡಬ್ಬದ ಮೇಲೆ ಬರೆದಿರುವ ಲೆಕ್ಕವನ್ನೂ ಓದಿಕೊಳ್ಳಿ.

ಬಣ್ಣವನ್ನು ಅಂಗಡಿಯ ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಸ್ಯಾಂಪಲ್ ಡಬ್ಬ ತಂದು ಬಿಳಿ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಹಚ್ಚಿ. ಒಣಗಿದ ಮೇಲೆ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಒಂದೇ ಬಣ್ಣ ಮೂರು ಹೊತ್ತಿಗೆ ಮೂರು ಥರ ಕಾಣುತ್ತದೆ. ಹಸಿಯಾಗಿದ್ದಾಗ ಕಂಡದ್ದಕ್ಕಿಂತ ಎಮಲ್ಷನ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಅದೂ ನೆನಪಿರಲಿ.

ಈಗ ಕೆಲಸ, ಒಂದೊಂದೇ ಹೆಜ್ಜೆ:

1. ಗೋಡೆಯ ಮೊಳೆ, ಕೊಕ್ಕೆ ಕೀಳಿ. ಒದ್ದೆ ಬಟ್ಟೆಗೆ ಸ್ವಲ್ಪ ಸೋಪಿನ ನೀರು ಹಾಕಿ ಗೋಡೆ ಒರೆಸಿ, ಆಮೇಲೆ ಬರೀ ನೀರಲ್ಲಿ ಒರೆಸಿ. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.
2. ತೂತು, ಬಿರುಕುಗಳಿಗೆ ಪುಟ್ಟಿ ತುಂಬಿ. ಒಣಗಿದಾಗ ಪುಟ್ಟಿ ಸ್ವಲ್ಪ ಒಳಗೆ ಇಳಿಯುತ್ತದೆ, ಹಾಗಾಗಿ ಮೊದಲೇ ಕೂದಲೆಳೆಯಷ್ಟು ಉಬ್ಬಿಸಿ ಹಚ್ಚಿ.
3. ಪೂರ್ತಿ ಒಣಗಿದ ಮೇಲೆ 120 ನಂಬರಿನ ಉಪ್ಪು ಕಾಗದದಿಂದ (ಸ್ಯಾಂಡ್‌ಪೇಪರ್) ಉಜ್ಜಿ, ಆಮೇಲೆ ಅದಕ್ಕಿಂತ ನುಣುಪಾದ 220ರಿಂದ. ಮಾಸ್ಕ್ ಹಾಕಿಕೊಳ್ಳಿ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ, ಕಣ್ಣಿಗೆ ಕಾಣದ ಏರುತಗ್ಗು ಕೈಗೆ ಗೊತ್ತಾಗುತ್ತದೆ. ಧೂಳು ಒರೆಸಿ.
4. ಪುಟ್ಟಿ ಹಚ್ಚಿದ ಜಾಗಕ್ಕೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್, ಹೊಡೆಯಿರಿ. ಇದನ್ನು ಬಿಟ್ಟರೆ ಪುಟ್ಟಿ ಬಣ್ಣ ಹೀರಿಕೊಂಡು ಆ ಜಾಗ ಮಾತ್ರ ಕಲೆಯ ಹಾಗೆ ಮಂಕಾಗಿ ಉಳಿಯುತ್ತದೆ.
5. ಅಂಚಿಗೆ, ಸ್ವಿಚ್ ಬೋರ್ಡ್ ಸುತ್ತ ಮಾಸ್ಕಿಂಗ್ ಟೇಪು ಹಚ್ಚಿ ಬೆರಳುಗುರಿನಿಂದ ಗಟ್ಟಿಯಾಗಿ ಒತ್ತಿ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಬಿದ್ದ ಬಣ್ಣ ಒಣಗದೆ ಕಾಲಿಗೆ ಮೆತ್ತಿಕೊಂಡು ಮನೆಯೆಲ್ಲ ಹರಡುತ್ತದೆ.
6. 2 ಇಂಚಿನ ಬ್ರಶ್ಶಿನಿಂದ ಗೋಡೆಯ ಅಂಚಿನ ಸುತ್ತ 2-3 ಇಂಚು ಪಟ್ಟಿ ಬಳಿಯಿರಿ. ಅದು ಒಣಗುವ ಮುಂಚೆಯೇ ರೋಲರ್ ಹಿಡಿಯಿರಿ.
7. ಒಂದು ಸಲಕ್ಕೆ 3 ಅಡಿ ಅಗಲದ ಜಾಗ ಮಾತ್ರ. ರೋಲರಿನಿಂದ ಮೊದಲು ಓರೆಯಾಗಿ ಮೇಲೆ ಕೆಳಗೆ ಎಳೆದು ಬಣ್ಣ ಹರಡಿ, ಆಮೇಲೆ ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆದು ಸಮ ಮಾಡಿ. ಪಕ್ಕದ ಜಾಗ ಶುರು ಮಾಡುವಾಗ ಹಿಂದಿನ ಅಂಚು ಇನ್ನೂ ಹಸಿಯಾಗಿರಬೇಕು. ಅರ್ಧ ಒಣಗಿದ ಜಾಗಕ್ಕೆ ಮತ್ತೆ ರೋಲರ್ ತೆಗೆದುಕೊಂಡು ಹೋದರೆ ಪಟ್ಟೆ ಪಟ್ಟೆ ಬೀಳುತ್ತದೆ, ಎಷ್ಟೇ ಕೈ ತುರಿಸಿದರೂ ಹೋಗಬೇಡಿ.
8. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 4 ಗಂಟೆ, ಬಿಟ್ಟು ಎರಡನೇ ಕೋಟ್. ನಡುವಿನ ಹೊತ್ತಲ್ಲಿ ರೋಲರನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸಾಕು, ತೊಳೆಯುವ ಕೆಲಸ ಉಳಿಯುತ್ತದೆ.
9. ಎರಡನೇ ಕೋಟ್ ಹಸಿಯಾಗಿದ್ದಾಗಲೇ ಟೇಪನ್ನು ನಿಧಾನಕ್ಕೆ, ಓರೆಯಾಗಿ ಹಿಂದಕ್ಕೆ ಮಡಚಿಕೊಂಡು ಎಳೆಯಿರಿ. ಒಣಗಿದ ಮೇಲೆ ಎಳೆದರೆ ಬಣ್ಣವೂ ಜೊತೆಗೆ ಕಿತ್ತುಬರುತ್ತದೆ.

ಕೈಗೆ ಒಣಗಿದ ಹಾಗೆ ಅನ್ನಿಸಿದರೂ ಬಣ್ಣ ಪೂರ್ತಿ ಗಟ್ಟಿಯಾಗಲು 2ರಿಂದ 4 ವಾರ ಬೇಕು. ಅಲ್ಲಿಯ ತನಕ ಆ ಗೋಡೆಯನ್ನು ತಿಕ್ಕಿ ತೊಳೆಯಬೇಡಿ.

ಒಂದು ಲೀಟರೂ ಬೇಕಿಲ್ಲದ ವೃತ್ತ

ಇಡೀ ಗೋಡೆಗೂ ಬೇಡ, ಆದರೂ ಏನೋ ಒಂದು ಬೇಕು ಅನ್ನುವವರಿಗೆ ನನಗೆ ತುಂಬಾ ಇಷ್ಟವಾದ ಕೆಲಸ ಇದು. ಓದುವ ಮೇಜಿನ ಹಿಂದೆ, ಒಂದು ಖುರ್ಚಿಯ ಹಿಂದೆ, ಮಂಚದ ತಲೆ ಕಡೆ ಒಂದು ದೊಡ್ಡ ಬಣ್ಣದ ವೃತ್ತ.

ನಡು ಎಲ್ಲಿ ಬರಬೇಕೋ ಅಲ್ಲಿ ಒಂದು ಸಣ್ಣ ಮೊಳೆ ಹೊಡೆಯಿರಿ. ಎಳೆದರೆ ಉದ್ದವಾಗದ ದಾರ ತೆಗೆದುಕೊಳ್ಳಿ, ಒಂದು ತುದಿ ಮೊಳೆಗೆ, ಇನ್ನೊಂದು ತುದಿ ಪೆನ್ಸಿಲ್ಲಿಗೆ. ನಡುವೆ 2 ಅಡಿ. ದಾರವನ್ನು ಬಿಗಿಯಾಗಿ ಹಿಡಿದು ಪೆನ್ಸಿಲ್ಲನ್ನು ಗೋಡೆಗೆ ನೆಟ್ಟಗೆ ಇಟ್ಟು ಸುತ್ತಿಸಿ. ಪೆನ್ಸಿಲ್ ವಾಲಿದರೆ ವೃತ್ತದ ಎರಡು ತುದಿ ಕೂಡುವುದಿಲ್ಲ. ಈಗ ಚಿಕ್ಕ ಬ್ರಶ್ಶಿನಿಂದ ಗೆರೆಯ ಒಳಗೆ ಅಂಚು ಬಳಿದು, ಒಳಭಾಗವನ್ನು 4 ಇಂಚಿನ ಚಿಕ್ಕ ರೋಲರಿನಿಂದ ತುಂಬಿ. 2 ಅಡಿ ತ್ರಿಜ್ಯದ ವೃತ್ತಕ್ಕೆ ಬಣ್ಣ ಬೀಳುವ ಜಾಗ ಸುಮಾರು 12.5 ಚದರ ಅಡಿ. ಎರಡು ಕೋಟಿಗೂ ಕಾಲು ಲೀಟರ್ ಸಾಕು, ಅಂದರೆ ನೀವು ಪರೀಕ್ಷೆಗೆ ತಂದ ಸ್ಯಾಂಪಲ್ ಡಬ್ಬದಲ್ಲೇ ಮುಗಿಯಬಹುದು. ಕೊನೆಗೆ ಮೊಳೆ ಕಿತ್ತು ತೂತಿಗೆ ಚೂರು ಪುಟ್ಟಿ, ಮೇಲೆ ಬಣ್ಣ.

ವೃತ್ತ ಬೇಡ, ನೇರ ಗೆರೆಗಳ ಆಕಾರ ಬೇಕು ಅಂದರೆ ಟೇಪು ಹಚ್ಚಿ ಮಾಡಿ. ಟೇಪಿನ ಅಡಿಯಿಂದ ಬಣ್ಣ ನುಸುಳುವುದು ಎಲ್ಲರ ಗೋಳು. ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಟೇಪು ಹಚ್ಚಿದ ಮೇಲೆ ಅದರ ಅಂಚಿಗೆ ಮೊದಲು ಗೋಡೆಯ ಹಳೆಯ ಬಣ್ಣವನ್ನೇ ತೆಳುವಾಗಿ ಬಳಿಯಿರಿ. ನುಸುಳುವುದಿದ್ದರೆ ಆ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ, ಕಾಣುವುದೂ ಇಲ್ಲ. ಅದು ಒಣಗಿದ ಮೇಲೆ ಹೊಸ ಬಣ್ಣ ಹೊಡೆದರೆ ಅಂಚು ಬ್ಲೇಡಿನಿಂದ ಕೊಯ್ದ ಹಾಗೆ ಬರುತ್ತದೆ.

ಹಳೆ ಮೇಜು, ಹಳೆ ಡ್ರಾಯರ್

ಮರದ ಸಾಮಾನಾದರೆ ಕೆಲಸ ಸುಲಭ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, 120 ಮತ್ತು 220ರ ಉಪ್ಪು ಕಾಗದದಿಂದ ಮರದ ಎಳೆ ಹೋಗುವ ದಿಕ್ಕಿನಲ್ಲೇ ಉಜ್ಜಿ, ಧೂಳು ತೆಗೆದು, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ದಪ್ಪಗೆ ಒಂದು ಕೋಟ್ ಹೊಡೆಯುವ ಆಸೆ ಬರುತ್ತದೆ, ಬೇಡ. ತೆಳುವಾಗಿ ಎರಡು ಮೂರು ಕೋಟ್ ಹೊಡೆಯಿರಿ. ದಪ್ಪ ಬಣ್ಣ ಮೇಲೆ ಒಣಗಿ ಒಳಗೆ ಮೆತ್ತಗೇ ಉಳಿಯುತ್ತದೆ.

ಆದರೆ ಇವತ್ತಿನ ಎಷ್ಟೋ ಮೇಜು ಕಪಾಟುಗಳು ಮರದ ಹಾಗೆ ಕಾಣುವ ಲ್ಯಾಮಿನೇಟ್. ಅಂಚನ್ನು ನೋಡಿ. ಮೇಲಿನ ಎಳೆಗಳು ಅಂಚಿನಲ್ಲೂ ಮುಂದುವರಿದಿದ್ದರೆ ಮರ, ಅಂಚಿಗೆ ತೆಳು ಪಟ್ಟಿ ಅಂಟಿಸಿದ್ದರೆ ಲ್ಯಾಮಿನೇಟ್. ಇದು ನುಣುಪು ಮೈ, ಬಣ್ಣ ಹಿಡಿದುಕೊಳ್ಳುವುದಿಲ್ಲ. ನಾನು ಒಂದು ಮೇಜಿಗೆ ಹಾಗೇ ಬಣ್ಣ ಹೊಡೆದು, ವಾರದಲ್ಲಿ ಅದರ ಮೇಲೆ ಬಿಸಿ ಪಾತ್ರೆ ಇಟ್ಟು ಎತ್ತಿದಾಗ ಪಾತ್ರೆಯ ತಳದಷ್ಟು ಬಣ್ಣ ಅದರ ಜೊತೆಗೇ ಎದ್ದು ಬಂತು. ಲ್ಯಾಮಿನೇಟಿಗೆ 220ರಿಂದ ಹಗುರವಾಗಿ ಉಜ್ಜಿ ಹೊಳಪು ತೆಗೆಯಬೇಕು, ಆಮೇಲೆ ಬಾಂಡಿಂಗ್ ಪ್ರೈಮರ್ ಅಂತಲೇ ಸಿಗುತ್ತದೆ, ಅದನ್ನು ಹೊಡೆಯಬೇಕು. ಎಲ್ಲ ಮುಗಿದ ಮೇಲೂ ಎರಡು ಮೂರು ವಾರ ಅದರ ಮೇಲೆ ಭಾರ, ಬಿಸಿ ಬೇಡ.

ಬಣ್ಣದ ಗೊಡವೆಯೇ ಬೇಡ ಅಂದರೆ ಹಿಡಿಗಳನ್ನು ಮಾತ್ರ ಬದಲಿಸಿ. ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ. ಅಳತೆ ಮಾತ್ರ ತಪ್ಪಬಾರದು. ಎರಡು ಸ್ಕ್ರೂ ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಮಿಲಿಮೀಟರಿನಲ್ಲಿ ಅಳೆಯಿರಿ. ಹೆಚ್ಚಾಗಿ 96 ಅಥವಾ 128 ಇರುತ್ತದೆ, ಕೆಲವೊಮ್ಮೆ 64 ಅಥವಾ 160. ಎಲ್ಲವೂ 32ರ ಮಗ್ಗಿ ಅಂತ ನೆನಪಿಟ್ಟುಕೊಳ್ಳಿ. ಅದೇ ಅಳತೆಯ ಹಿಡಿ ತಂದರೆ ಹೊಸ ತೂತು ಕೊರೆಯಬೇಕಿಲ್ಲ.

ಫೋಟೋ ಫ್ರೇಮುಗಳು: ಮೊಳೆಗೆ ಮುಂಚೆ ನ್ಯೂಸ್‌ಪೇಪರ್

ಫ್ರೇಮುಗಳನ್ನು ತುಂಬಾ ಮೇಲೆ ಹಾಕುವುದು ಎಲ್ಲ ಮನೆಯಲ್ಲೂ ಕಾಣುವ ತಪ್ಪು. ಕುತ್ತಿಗೆ ಎತ್ತಿ ನೋಡುವಂತಿರಬಾರದು. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚಿನ ಎತ್ತರದಲ್ಲಿ ಬಂದರೆ ನಿಂತವರ ಕಣ್ಣಿಗೆ ಸಮ. ಸೋಫಾದ ಮೇಲಾದರೆ ಅದರ ಬೆನ್ನಿಗೂ ಫ್ರೇಮಿನ ಅಡಿಗೂ 6ರಿಂದ 8 ಇಂಚು ಸಾಕು. ಹಲವು ಫ್ರೇಮು ಇದ್ದರೆ ನಡುವೆ 2-3 ಇಂಚು ಬಿಡಿ, ಎಲ್ಲ ಸೇರಿ ಸೋಫಾದ ಅಗಲದ ಮೂರರಲ್ಲಿ ಎರಡು ಭಾಗ ಆವರಿಸಲಿ.

ಮೊದಲು ಪ್ರತಿ ಫ್ರೇಮಿನ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ, ಟೇಪಿನಿಂದ ಗೋಡೆಗೆ ಅಂಟಿಸಿ. ಒಂದು ದಿನ ಹಾಗೇ ಇಟ್ಟು ಹೋಗುತ್ತಾ ಬರುತ್ತಾ ನೋಡಿ, ಸರಿಸಿ, ಮತ್ತೆ ನೋಡಿ. ಮನಸ್ಸಿಗೆ ಬಂದ ಮೇಲೆ ಮೊಳೆಯ ಜಾಗದ ಲೆಕ್ಕ. ಫ್ರೇಮಿನ ಎತ್ತರ 20 ಇಂಚು ಅಂದುಕೊಳ್ಳಿ. ಹಿಂದಿನ ದಾರವನ್ನು ಮೇಲಕ್ಕೆ ಎಳೆದು ಹಿಡಿದಾಗ ಅದು ಮೇಲಂಚಿಗಿಂತ 2 ಇಂಚು ಕೆಳಗೆ ನಿಲ್ಲುತ್ತದೆ ಅಂದುಕೊಳ್ಳಿ. 57ಕ್ಕೆ ಅರ್ಧ ಎತ್ತರ 10 ಸೇರಿಸಿ, ಆ 2 ಕಳೆಯಿರಿ. ನೆಲದಿಂದ 65 ಇಂಚಿಗೆ ಮೊಳೆ. ಈ ಲೆಕ್ಕ ಹಾಕಿದರೆ ಗೋಡೆಗೆ ಒಂದೇ ತೂತು, ಅಂದಾಜಿಗೆ ಹೊಡೆದರೆ ಮೂರು.

ಭಾರದ ಫ್ರೇಮು, ಕನ್ನಡಿಗೆ ಬರೀ ಮೊಳೆ ಸಾಲದು. ಡ್ರಿಲ್ ಮಾಡಿ, ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪ್ಲಗ್ ತೂರಿಸಿ ಸ್ಕ್ರೂ ಹಾಕಿ. 6 ಮಿಲಿಮೀಟರ್ ಪ್ಲಗ್‌ಗೆ 6ರ ಡ್ರಿಲ್ ಬಿಟ್. ತೂತು ಬರುವ ಜಾಗಕ್ಕೆ ಟೇಪು ಹಚ್ಚಿದರೆ ಗಾರೆ ಸಿಡಿಯುವುದಿಲ್ಲ, ಅದರ ಕೆಳಗೆ ಒಂದು ಕಾಗದದ ಲಕೋಟೆಯನ್ನು ಬಾಯಿ ತೆರೆದು ಅಂಟಿಸಿದರೆ ಧೂಳೆಲ್ಲ ಅದರೊಳಗೇ ಬೀಳುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಅಥವಾ ಅದರ ಸಾಲಿನಲ್ಲೇ ಅಡ್ಡಕ್ಕೆ ಯಾವತ್ತೂ ಕೊರೆಯಬೇಡಿ. ಗೋಡೆಯೊಳಗೆ ವೈರು ಹೋಗುವುದು ಹೆಚ್ಚಾಗಿ ಆ ದಾರಿಯಲ್ಲೇ.

ಬಾಡಿಗೆ ಮನೆಯಾಗಿದ್ದು ಕೊರೆಯಲು ಆಗದಿದ್ದರೆ ಅಂಟು ಪಟ್ಟಿಗಳಿವೆ. ಗೋಡೆಯನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಪಟ್ಟಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ, ಒಂದು ಗಂಟೆ ಬಿಟ್ಟು ಫ್ರೇಮು ಹಾಕಿ. ಪ್ಯಾಕಿನ ಮೇಲೆ ಬರೆದ ತೂಕ ಮೀರಬೇಡಿ. ಹೊಸದಾಗಿ ಬಣ್ಣ ಹೊಡೆದ ಗೋಡೆಯಾದರೆ ಕನಿಷ್ಠ ಒಂದು ವಾರ ಕಾಯಬೇಕು.

ಪರದೆ ಮತ್ತು ಕುಶನ್

ಕಿಟಕಿ ಚಿಕ್ಕದು ಅಂತ ಬೇಸರವಾ? ಪರದೆಯ ರಾಡನ್ನು ಕಿಟಕಿ ಚೌಕಟ್ಟಿನ ಮೇಲಕ್ಕೇ ಅಂಟಿಸದೆ 4ರಿಂದ 6 ಇಂಚು ಮೇಲೆ, ಎರಡೂ ಬದಿಗೆ 6ರಿಂದ 10 ಇಂಚು ಆಚೆಗೆ ಬರುವ ಹಾಗೆ ಹಾಕಿ. ಪರದೆ ಸರಿಸಿದಾಗ ಅದು ಗೋಡೆಯ ಮೇಲೆ ನಿಲ್ಲುತ್ತದೆ, ಗಾಜೆಲ್ಲ ಬೆಳಕಿಗೆ ಬಿಟ್ಟುಕೊಡುತ್ತದೆ. ಬಟ್ಟೆಯ ಅಗಲ ರಾಡಿನ ಉದ್ದದ ಎರಡರಷ್ಟು ಇದ್ದರೆ ನೆರಿಗೆ ತುಂಬಿ ಬೀಳುತ್ತದೆ. ಅಷ್ಟು ಬಟ್ಟೆಗೆ ಖರ್ಚು ಜಾಸ್ತಿ ಅನ್ನಿಸಿದರೆ ಡಬಲ್ ಬೆಡ್‌ಶೀಟುಗಳನ್ನು ನೋಡಿ, ಅಗಲವೂ ಉದ್ದವೂ ಪರದೆಗೆ ಸರಿಹೋಗುತ್ತದೆ, ಅಂಚು ಮೊದಲೇ ಹೊಲಿದಿರುತ್ತದೆ. ಕ್ಲಿಪ್ ಇರುವ ಬಳೆಗಳನ್ನು ರಾಡಿಗೆ ಹಾಕಿ ಕಚ್ಚಿಸಿದರೆ ಹೊಲಿಗೆಯೂ ಬೇಡ. ಹತ್ತಿ ಬಟ್ಟೆಯಾದರೆ ಅಳತೆಗೆ ಕತ್ತರಿಸುವ ಮುಂಚೆ ಒಮ್ಮೆ ಒಗೆದು ಒಣಗಿಸಿ. ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಪರದೆ ಮೊಣಕಾಲಿಗೆ ಬಂದು ನಿಂತರೆ ಏನು ಮಾಡುತ್ತೀರಿ?

ಕುಶನ್ ಕವರಿಗೆ ಜಿಪ್ ಹೊಲಿಯಲು ಬರುವುದಿಲ್ಲ ಅಂತ ಬಿಡಬೇಡಿ. ಲಕೋಟೆ ಥರದ ಕವರ್ ಮಾಡಿ. 16 ಇಂಚಿನ ಕವರಿಗೆ 17 ಇಂಚು ಅಗಲ, 38 ಇಂಚು ಉದ್ದದ ಬಟ್ಟೆ ಬೇಕು. ಉದ್ದದ ಎರಡೂ ತುದಿಯನ್ನು 1 ಇಂಚು ಒಳಗೆ ಮಡಚಿ ಹೊಲಿಯಿರಿ, 36 ಉಳಿಯುತ್ತದೆ. ಬಟ್ಟೆಯ ಒಳ್ಳೆಯ ಮೈ ಮೇಲೆ ಬರುವಂತೆ ಹಾಸಿ, ಎರಡೂ ತುದಿಯನ್ನು ನಡುವಿಗೆ ಮಡಚಿ, ಒಂದರ ಮೇಲೊಂದು 4 ಇಂಚು ಬರಲಿ. ಈಗ ಅದು ಸರಿಯಾಗಿ 16 ಇಂಚಾಗಿದೆ. ತೆರೆದಿರುವ ಎರಡು ಬದಿಗೂ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಮೂಲೆಗಳ ಹೆಚ್ಚುವರಿ ಬಟ್ಟೆ ಕತ್ತರಿಸಿ ಮಗುಚಿ. ಕೈ ಹೊಲಿಗೆಯಲ್ಲೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಒಳಗೆ 17 ಅಥವಾ 18 ಇಂಚಿನ ದಿಂಬು ತುರುಕಿ. ಕವರಿಗಿಂತ ದಿಂಬು ಸ್ವಲ್ಪ ದೊಡ್ಡದಿದ್ದರೆ ಮೂಲೆಗಳು ಉಬ್ಬಿ ನಿಲ್ಲುತ್ತವೆ.

ಬೆಳಕು

ಇಷ್ಟೆಲ್ಲ ಮಾಡಿ ನಡು ಚಾವಣಿಯಲ್ಲಿ ಒಂದೇ ಒಂದು ಬಿಳಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಮಾಡಿದ್ದೆಲ್ಲ ಸಪ್ಪೆ ಕಾಣುತ್ತದೆ. ಬಲ್ಬಿನ ಡಬ್ಬದ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ (K) ಲೆಕ್ಕ ಬರೆದಿರುತ್ತದೆ. 2700ರಿಂದ 3000 ಅಂದರೆ ಹಳದಿ ಮಿಶ್ರಿತ ಬೆಚ್ಚಗಿನ ಬೆಳಕು, ಕೂರುವ ಮಲಗುವ ಕೋಣೆಗೆ. 6500 ಅಂದರೆ ನೀಲಿ ಕಡೆ ವಾಲಿದ ಬಿಳಿ, ಆರಾಮವಾಗಿ ಕೂರುವ ಜಾಗಕ್ಕೆ ಅದು ಬೇಡ. ಒಂದೇ ಕೋಣೆಯಲ್ಲಿ ಎರಡೂ ಬೆರೆಸಬೇಡಿ. ಎಷ್ಟು ಬೆಳಕು ಅನ್ನುವುದಕ್ಕೆ ವ್ಯಾಟ್ ನೋಡದೆ ಲ್ಯೂಮೆನ್ ನೋಡಿ. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು ಈಗ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

ಚಾವಣಿಯ ದೀಪದ ಜೊತೆ ಕೆಳಮಟ್ಟದಲ್ಲಿ ಒಂದೆರಡು ದೀಪ ಇರಲಿ, ಸೋಫಾ ಪಕ್ಕದ ಮೇಜಿನ ಮೇಲೆ ಒಂದು, ಖಾಲಿ ಮೂಲೆಯಲ್ಲಿ ಒಂದು. ಕಾಗದದ ಅಥವಾ ಬೆತ್ತದ ಬುಟ್ಟಿಯನ್ನು ಶೇಡ್ ಮಾಡಿ ಹಾಕುವುದಾದರೆ ಎಲ್‌ಇಡಿ ಬಲ್ಬನ್ನೇ ಬಳಸಿ, ಬಲ್ಬು ಕಾಗದಕ್ಕೆ ತಾಗಬಾರದು. ಹಳೆಯ ಥರದ ಬಲ್ಬು ಸುಡುವಷ್ಟು ಬಿಸಿಯಾಗುತ್ತದೆ, ಅದರ ಹತ್ತಿರ ಕಾಗದ ಬಟ್ಟೆ ಬೇಡವೇ ಬೇಡ. ಪ್ಲಗ್ ಚುಚ್ಚುವ ದೀಪಗಳ ತನಕ ನಿಮ್ಮ ಕೈಕೆಲಸ. ಗೋಡೆಯೊಳಗಿನ ವೈರಿಂಗ್ ಮುಟ್ಟುವುದಾದರೆ ಎಲೆಕ್ಟ್ರೀಷಿಯನ್ ಕರೆಯಿರಿ.

ಕೊನೆಗೆ ಒಂದು ಹಸಿರು. ಮನಿ ಪ್ಲಾಂಟಿನ ಬಳ್ಳಿಯಲ್ಲಿ ಎಲೆ ಸೇರುವ ಜಾಗದಲ್ಲಿ ಕಂದು ಬಣ್ಣದ ಗಂಟು ಕಾಣುತ್ತದೆ. ಆ ಗಂಟಿಗಿಂತ ಸ್ವಲ್ಪ ಕೆಳಗೆ ಕತ್ತರಿಸಿ, ಗಂಟು ಮುಳುಗುವ ಹಾಗೆ ನೀರಿನ ಬಾಟಲಿಯಲ್ಲಿಡಿ. ವಾರಕ್ಕೊಮ್ಮೆ ನೀರು ಬದಲಿಸಿದರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಕಿಟಕಿ ಹತ್ತಿರ ಇರಲಿ, ನೇರ ಬಿಸಿಲು ಬೇಡ. ಬೆಕ್ಕು, ನಾಯಿ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಎತ್ತರಕ್ಕಿಡಿ, ಎಲೆ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ಮಿಕ್ಕ ಬಣ್ಣವನ್ನು ಎಸೆಯಬೇಡಿ. ಒಂದು ಸಣ್ಣ ಗಾಜಿನ ಶೀಶೆಗೆ ತುಂಬಿ, ಮುಚ್ಚಳ ಬಿಗಿಮಾಡಿ, ಯಾವ ಕೋಣೆ, ಶೇಡ್ ನಂಬರ್ ಏನು, ಯಾವ ತಾರೀಕು ಅಂತ ಚೀಟಿ ಅಂಟಿಸಿಡಿ. ಮುಂದೆ ಗೋಡೆಗೆ ಖುರ್ಚಿ ತಾಗಿ ಗೀರು ಬಿದ್ದಾಗ ಅದೇ ಶೀಶೆ, ಒಂದು ಚಿಕ್ಕ ಬ್ರಶ್, ಐದು ನಿಮಿಷ.